ಬಯಲಲ್ಲಿ ಮೂರು ದಿನದ ಸೈಕಲ್ ಪ್ರವಾಸ: ಆಲಮಟ್ಟಿ ದಾರಿಯೋ, ಸವದತ್ತಿ ದಾರಿಯೋ, ಡೋಣಿ ಸಾಲೋ?

ದೀಪಾವಳಿ ಮುಗಿದು ಚಳಿ ಬಿತ್ತು ಅಂದರೆ ಸೈಕಲ್ ಗೆಳೆಯರ ಫೋನ್ ಶುರು. "ಹತ್ತು ಹನ್ನೆರಡು ಜನ ಇದ್ದೇವೆ, ಮೂರು ದಿನ ರಜೆ ಇದೆ, ವಿಜಯಪುರದ ಕಡೆ ಯಾವ ದಾರಿ ಚೆನ್ನಾಗಿದೆ?" ಜೊತೆಗೆ ಒಂದು ಪಟ್ಟಿಯೂ ಇರುತ್ತದೆ: ಗೋಳಗುಮ್ಮಟ, ಆಲಮಟ್ಟಿ, ಬಾದಾಮಿ, ಸಾಧ್ಯವಾದರೆ ಗೋಕಾಕ ಫಾಲ್ಸೂ. ಪಟ್ಟಿ ಹಿಡಿದು ದಾರಿ ಹುಡುಕುವುದು ಕಾರಿನವರಿಗೆ ಸರಿ. ಸೈಕಲ್ ಗುಂಪಿಗೆ ನಾನು ಮೊದಲು ಕೇಳುವುದೇ ಬೇರೆ. ನಿಮ್ಮಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವರು ಯಾರು? ಅವರಿಂದ ದಿನಕ್ಕೆ ಎಷ್ಟು ಕಿಲೋಮೀಟರ್ ಆಗುತ್ತದೆ? ದಾರಿ ಅವರಿಗೆ ಒಗ್ಗಿದರೆ ಉಳಿದವರಿಗೆ ಒಗ್ಗಿಯೇ ಒಗ್ಗುತ್ತದೆ. ಮುಂದಿರುವವರ ಕಾಲು ನೋಡಿ ಆರಿಸಿದರೆ ಎರಡನೇ ದಿನ ಮಧ್ಯಾಹ್ನಕ್ಕೆ ಗುಂಪು ಮೂರು ಹೋಳಾಗಿರುತ್ತದೆ.

ಬಯಲು ಅಂದರೆ ಸುಲಭ ಅಂತ ಬೆಂಗಳೂರಿನವರು ಅಂದುಕೊಂಡು ಬರುತ್ತಾರೆ. ಏರು ಇಲ್ಲ, ಘಾಟಿ ಇಲ್ಲ, ತುಳಿಯುತ್ತಾ ಹೋದರಾಯಿತು, ಅಲ್ವಾ? ಘಾಟಿಯಲ್ಲಿ ಏರು ಮುಗಿದ ಮೇಲೆ ಇಳಿಜಾರು ಇರುತ್ತದೆ. ಎದುರು ಗಾಳಿಗೆ ಇಳಿಜಾರು ಇಲ್ಲ. ಮುಂದಿನ ಊರಿನ ನೀರಿನ ಟಾಕಿ ಕಣ್ಣಿಗೆ ಕಾಣುತ್ತದೆ, ಅರ್ಧ ಗಂಟೆ ತುಳಿದರೂ ಅಲ್ಲೇ ಇರುತ್ತದೆ. ಅದಕ್ಕೇ ದಾರಿಗಿಂತ ಮೊದಲು ಗಾಳಿಯ ಮಾತು.

ಗಾಳಿ ಮತ್ತು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುತ್ತದೆ, ಜೋರಾಗಿಯೇ ಬೀಸುತ್ತದೆ. ಸವದತ್ತಿ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆ ತಿಂಗಳುಗಳಲ್ಲಿ ಹೊರಡಲೇಬೇಕು ಅಂದರೆ ಬೆಳಗಾವಿಯಿಂದ ಪೂರ್ವಕ್ಕೆ ಹೊರಡಿ. ಬೆನ್ನಿಗೆ ಗಾಳಿ ಸಿಗುತ್ತದೆ. ಸಮುದ್ರಮಟ್ಟದಿಂದ ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಬಾಗಲಕೋಟೆ ಅದಕ್ಕಿಂತ ಇನ್ನೂರು ಮೀಟರ್‌ನಷ್ಟು ಕೆಳಗೆ. ಹಾಗಾಗಿ ನೆಲವೂ ನಿಮ್ಮ ಕಡೆಗೇ. ಇದೇ ದಾರಿಯನ್ನು ಜುಲೈನಲ್ಲಿ ತಿರುಗಾಮುರುಗಾ ಮಾಡಿ ಬಾಗಲಕೋಟೆಯಿಂದ ಬೆಳಗಾವಿಗೆ ಬರುವವರನ್ನೂ ನೋಡಿದ್ದೇನೆ. ಅವರ ಮುಖ ನೋಡಿದರೆ ಏನೂ ಕೇಳಬೇಕಾಗಿಲ್ಲ.

ನವೆಂಬರ್‌ನಿಂದ ಫೆಬ್ರವರಿ ಶುರುವಿನವರೆಗೆ ಗಾಳಿ ತಿರುಗುತ್ತದೆ. ಪೂರ್ವ, ಈಶಾನ್ಯದಿಂದ ಮೆಲ್ಲಗೆ ಬರುತ್ತದೆ. ಬೆಳಿಗ್ಗೆ ಹೆಚ್ಚೂಕಡಿಮೆ ಇರುವುದೇ ಇಲ್ಲ. ಆಗ ವಿಜಯಪುರದಿಂದ ದಕ್ಷಿಣಕ್ಕೆ, ನೈರುತ್ಯಕ್ಕೆ ಇಳಿಯುವ ದಾರಿ ಒಳ್ಳೆಯದು. ಮಾರ್ಚ್ ನಡುವಿನ ಮೇಲೆ ನನ್ನನ್ನು ಕೇಳಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಡಾಂಬರಿನ ಮೇಲೆ ಇನ್ನೂ ಜಾಸ್ತಿ.

ಮಳೆಗಾಲದ ಇನ್ನೊಂದು ಸಂಗತಿ ಎರೆ ಮಣ್ಣು. ಡಾಂಬರು ಬಿಟ್ಟು ಹತ್ತು ಹೆಜ್ಜೆ ಹೊಲದ ದಾರಿಗೆ ಇಳಿದರೂ ಸಾಕು. ಒದ್ದೆ ಮಣ್ಣು ಚಕ್ರಕ್ಕೆ ಸುತ್ತಿಕೊಂಡು, ಮಡ್‌ಗಾರ್ಡ್ ಮತ್ತು ಬ್ರೇಕ್ ಸಂದಿಯಲ್ಲಿ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಕೋಲಿನಿಂದ ಕೆರೆದು ತೆಗೆಯಬೇಕು, ಮತ್ತೆ ಹತ್ತು ಹೆಜ್ಜೆ, ಮತ್ತೆ ಕೆರೆತ.

ಆಲಮಟ್ಟಿ ದಾರಿ: ವಿಜಯಪುರದಿಂದ ಬಾದಾಮಿಗೆ

ಮೊದಲ ಸಲ ದೂರ ಹೊರಡುವ ಗುಂಪಿಗೆ ನಾನು ಹೇಳುವುದು ಇದನ್ನೇ. ವಿಜಯಪುರದಿಂದ ಮನಗೂಳಿ, ಬಸವನ ಬಾಗೇವಾಡಿ, ನಿಡಗುಂದಿ ಹಿಡಿದು ಆಲಮಟ್ಟಿ. ಅಲ್ಲಿಂದ ಕೂಡಲಸಂಗಮ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಕೊನೆಗೆ ಬಾದಾಮಿ. ಒಟ್ಟು 180ರಿಂದ 200 ಕಿಲೋಮೀಟರ್. ಮೂರು ದಿನಕ್ಕೆ ಹಂಚಿದರೆ ಮೊದಲ ದಿನ ಜಾಸ್ತಿ, ಎರಡನೇ ದಿನ ಕಡಿಮೆ. ಹಾಗೇ ಇರಬೇಕು. ಕೊನೆಯ ದಿನ ಗುಡಿಗಳನ್ನು ನೋಡಲು ಕಾಲಿನಲ್ಲಿ ಜೀವ ಉಳಿದಿರಬೇಕಲ್ಲ.

ಮೊದಲ ದಿನ ವಿಜಯಪುರದಿಂದ ಆಲಮಟ್ಟಿಗೆ ಸುಮಾರು 65 ಕಿಲೋಮೀಟರ್. ಮನಗೂಳಿವರೆಗೆ ಹೆದ್ದಾರಿ. ಅಗಲವಿದೆ, ಅಂಚಿನಲ್ಲಿ ಜಾಗವಿದೆ, ಲಾರಿಗಳೂ ಇವೆ. ಆರೂವರೆಗೆ ಹೊರಟರೆ ನಸುಕಿನಲ್ಲೇ ರೇಸಿಂಗ್ ಸೈಕಲ್ ಮೇಲೆ ಬಗ್ಗಿ ಕುಳಿತ ಹುಡುಗ ಹುಡುಗಿಯರು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುತ್ತಾ ಬಂದಿವೆ, ಇಲ್ಲಿಯ ಜಾತ್ರೆಗಳಲ್ಲೂ ಸೈಕಲ್ ರೇಸ್ ಇರುತ್ತದೆ. ಅದರಿಂದ ನಮಗೊಂದು ಲಾಭವೂ ಇದೆ. ಗೇರ್ ಸೈಕಲ್ ಅಂದರೆ ಏನು ಅಂತ ಬಲ್ಲ ರಿಪೇರಿಯವರು ವಿಜಯಪುರದಲ್ಲಿ ಸಿಗುತ್ತಾರೆ. ಹೊರಡುವ ಹಿಂದಿನ ಸಂಜೆ ಒಮ್ಮೆ ಎಲ್ಲ ಸೈಕಲ್ ತೋರಿಸಿ.

ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರಿನ ನಾಡು, ಕೂಡಲಸಂಗಮ ಅವರ ಐಕ್ಯದ ಜಾಗ. ಒಂದರಿಂದ ಇನ್ನೊಂದಕ್ಕೆ ಸ್ವಂತ ಕಾಲಿನ ಬಲದಲ್ಲಿ ಹೋಗುವುದು ಬಸ್ಸಿನಲ್ಲಿ ಹೋದ ಹಾಗಲ್ಲ. ನಡುವೆ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಅಣೆಕಟ್ಟು, ಈಗ ಜಲಾಶಯಕ್ಕೆ ಅವರದೇ ಹೆಸರು. 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ದಿನವಿಡೀ ಒಣ ಬಯಲು ನೋಡಿ ಬಂದ ಕಣ್ಣಿಗೆ ಸಂಜೆ ಆ ಹಿನ್ನೀರು ಕಂಡಾಗ ಗುಂಪಿನಲ್ಲಿ ಗೊಣಗುವವರೂ ಸುಮ್ಮನಾಗುತ್ತಾರೆ. ಮಳೆ ಮುಗಿದ ಹೊಸತರಲ್ಲಿ ತುಂಬಿರುತ್ತದೆ, ಬೇಸಿಗೆ ಹತ್ತಿರ ಬಂದ ಹಾಗೆ ಇಳಿಯುತ್ತದೆ. ಇದೂ ನವೆಂಬರ್, ಡಿಸೆಂಬರ್ ಪರವಾದ ಒಂದು ಮಾತು.

ಎರಡನೇ ರಾತ್ರಿಗೆ ಕೂಡಲಸಂಗಮ ಅನುಕೂಲ. ಯಾತ್ರಿಕರಿಗೆ ಕೋಣೆಗಳಿವೆ, ದಾಸೋಹವಿದೆ. ಕೃಷ್ಣಾ, ಮಲಪ್ರಭಾ ಕೂಡುವ ಜಾಗದಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಮೊದಲ ದಿನ ಬಿರುಸಾಗಿ ಬಂದ ಗುಂಪು ಎರಡನೇ ದಿನ ಬೇಕಂತಲೇ ಇಷ್ಟಕ್ಕೇ ನಿಲ್ಲುವುದು ಜಾಣತನ. ಆದರೆ ಐಹೊಳೆಯಲ್ಲಿ ಜಾಸ್ತಿ ಹೊತ್ತು ಬೇಕು ಅನ್ನುವವರು ಅಮೀನಗಡದವರೆಗೆ ಹೋಗಿಬಿಡುತ್ತಾರೆ. ಅಮೀನಗಡ ಅಂದರೆ ಕರದಂಟು. ಬೆಲ್ಲ, ಅಂಟು, ಒಣ ಹಣ್ಣು, ಕೊಬ್ಬರಿ ಸೇರಿದ ಆ ತುಂಡು ಸೈಕಲ್‌ನವರಿಗೆಂದೇ ಮಾಡಿದಂತಿದೆ. ಪ್ಯಾಕೆಟ್ ಎನರ್ಜಿ ಬಾರ್ ಹೊತ್ತು ತಂದವರು ಇಲ್ಲಿ ಅದನ್ನು ಚೀಲದ ತಳಕ್ಕೆ ತಳ್ಳುತ್ತಾರೆ.

ಅಮೀನಗಡದಿಂದ ಐಹೊಳೆಗೆ ಊರುಗಳ ನಡುವಿನ ಸಣ್ಣ ರಸ್ತೆ. ಈ ಪ್ರವಾಸದಲ್ಲಿ ನನಗೆ ಇಷ್ಟವಾದ ತುಣುಕು ಇದು. ಲಾರಿ ಇಲ್ಲ. ಎದುರಿಗೆ ಚಕ್ಕಡಿ, ಕುರಿ ಹಿಂಡು, ಶಾಲೆಗೆ ಹೊರಟ ಮಕ್ಕಳು. "ಎಲ್ಲಿಂದ ಬಂದ್ರಿ? ಎಲ್ಲಿಗ್ ಹೊಂಟೀರಿ?" ಪ್ರತಿ ಊರಿನಲ್ಲೂ ಈ ಎರಡು ಪ್ರಶ್ನೆ. ಉತ್ತರ ಕೊಟ್ಟರೆ ಮೂರನೆಯದು: "ಬಸ್ ಇಲ್ಲೇನ್ರಿ ನಿಮ್ಮೂರಿಗೆ?"

ಐಹೊಳೆಯಿಂದ ಪಟ್ಟದಕಲ್ಲು ಹದಿಮೂರು ಕಿಲೋಮೀಟರ್ ಹತ್ತಿರ, ಪಟ್ಟದಕಲ್ಲಿನಿಂದ ಬಾದಾಮಿ 22. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಸೈಕಲ್ ಎಲ್ಲಿ ಬಿಡುವುದು ಅನ್ನುವುದನ್ನು ಮೊದಲೇ ಯೋಚಿಸಿ. ಇಬ್ಬರು ಕಾವಲಿಗೆ ಕುಳಿತು ಸರದಿ ಮೇಲೆ ನೋಡುವುದೇ ಸರಿ.

ಹೊಟ್ಟೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಬಾದಾಮಿಯಿಂದ ಐದು ಕಿಲೋಮೀಟರ್ ಮುಂದೆ ಬನಶಂಕರಿ. ಗುಡಿಯ ಹೊಂಡದ ಆಚೀಚೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರೆ ಜೋಳದ ರೊಟ್ಟಿ, ಕೆಳಗೆ ಡಬ್ಬಿಗಳಲ್ಲಿ ಕಾಳು ಪಲ್ಯ, ಎಣ್ಣೆಗಾಯಿ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು. ಕೂತಲ್ಲಿಗೇ ಬಡಿಸುತ್ತಾರೆ. ಎರಡು ರೊಟ್ಟಿ ಕೇಳಿದರೆ ಮೂರನೆಯದನ್ನು ತಾವೇ ಹಾಕುತ್ತಾರೆ. ಒಂದು ಎಚ್ಚರಿಕೆ: ಜನವರಿ ಸುತ್ತಮುತ್ತ ಪುಷ್ಯ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಆಗ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ, ರಸ್ತೆಯಲ್ಲಿ ಜಾಗ ಸಿಗುವುದೂ ಕಷ್ಟ.

ಇದೇ ಊರುಗಳಿಗೆ ಇನ್ನೊಂದು ಹಾದಿಯಿದೆ: ವಿಜಯಪುರ, ಕೊಲ್ಹಾರ, ಬೀಳಗಿ, ಬಾಗಲಕೋಟೆ. ನೇರ, ಬೇಗ. ಆದರೆ ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲೆ ಮೂರು ಕಿಲೋಮೀಟರ್ ಆಸುಪಾಸಿನ ಸೇತುವೆ. ಅಡ್ಡಗಾಳಿ ಬೀಸಿದರೆ ಅಳ್ಳೆದೆಯವರಿಗೆ ಅದು ಸುಖವಲ್ಲ, ಹಿಂದಿನಿಂದ ಲಾರಿ ಬಂದರೆ ಸರಿಯಲು ಜಾಗವೂ ಇಲ್ಲ. ಗಡಿಗೆ ಮಗುಚಿದರೂ ಬೀಳುವುದಿಲ್ಲ ಅನ್ನುವ ಕೊಲ್ಹಾರದ ಮೊಸರಿಗಾಗಿ ಮಾತ್ರ ಈ ದಾರಿ ಹಿಡಿಯಬಹುದು. ತಿಂದು ತಕ್ಷಣ ತುಳಿಯಬೇಡಿ, ಅಷ್ಟೇ.

ಸವದತ್ತಿ ದಾರಿ: ಬೆಳಗಾವಿಯಿಂದ ಬಾದಾಮಿಗೆ

ಬೆಳಗಾವಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಬಾದಾಮಿ. ದೂರ ಆಲಮಟ್ಟಿ ದಾರಿಯಷ್ಟೇ, ತುಳಿತ ಬೇರೆ. ಇಲ್ಲಿ ನೆಲ ಸಪಾಟಿಲ್ಲ. ಏಳುತ್ತದೆ, ಬೀಳುತ್ತದೆ. ಒಂದೊಂದು ದಿಣ್ಣೆಯೂ ಸಣ್ಣದೇ, ಆದರೆ ದಿನವಿಡೀ ಲೆಕ್ಕ ಹಾಕಿದರೆ ತೊಡೆಗೆ ಗೊತ್ತಾಗುತ್ತದೆ. ಬದಲಿಗೆ ಊರುಗಳು ಹತ್ತಿರ ಹತ್ತಿರ. ನೀರು, ಚಹಾ, ಮರದ ನೆರಳು ಬೇಗ ಬೇಗ ಸಿಗುತ್ತವೆ. ಬಿಸಿಲಿಗೆ ಹೆದರುವವರು, ಮಕ್ಕಳನ್ನು ಕರೆದುಕೊಂಡು ಬರುವವರು ಗುಂಪಿನಲ್ಲಿದ್ದರೆ ಇದು ಒಳ್ಳೆಯ ಆಯ್ಕೆ.

ಆದರೆ ಕಬ್ಬಿನ ಹಂಗಾಮಿನಲ್ಲಿ ನಾನು ಇದನ್ನು ಆರಿಸುವುದಿಲ್ಲ. ನವೆಂಬರ್‌ನಲ್ಲಿ ಕಾರ್ಖಾನೆಗಳು ಶುರುವಾದರೆ ಬೆಳಗಾವಿ ಜಿಲ್ಲೆಯ ರಸ್ತೆಗಳೆಲ್ಲ ಟ್ರ್ಯಾಕ್ಟರ್‌ಗಳದ್ದು. ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ಗಳಗಳು. ಅವು ಸರಿಯಾಗಿ ನಿಮ್ಮ ಹ್ಯಾಂಡಲ್ ಎತ್ತರಕ್ಕೇ ಇರುತ್ತವೆ. ಚಾಲಕನ ತಲೆಯ ಮೇಲೆ ದೊಡ್ಡ ಸ್ಪೀಕರ್. ನೀವು ಬೆಲ್ ಹೊಡೆದರೆ, ಕೂಗಿದರೆ ಅವನಿಗೆ ಕೇಳುವುದಿಲ್ಲ. ಹಿಂದಿನ ಟ್ರೇಲರ್‌ಗೆ ಎಷ್ಟೋ ಸಲ ದೀಪವೂ ಇರುವುದಿಲ್ಲ. ಆದ್ದರಿಂದ ಸೂರ್ಯ ಮುಳುಗುವ ಮೊದಲೇ ಊರು ಸೇರುವುದು ಇಲ್ಲಿ ಕಡ್ಡಾಯ. ಟ್ರ್ಯಾಕ್ಟರನ್ನು ದಾಟುವಾಗ ಒಬ್ಬೊಬ್ಬರಾಗಿ ದಾಟಿ, ಗುಂಪಾಗಿ ನುಗ್ಗಬೇಡಿ.

ಸವದತ್ತಿಯಲ್ಲಿ ರಾತ್ರಿ ಉಳಿಯುವವರು ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವ ಜನ, ಚಕ್ಕಡಿ, ಟ್ರ್ಯಾಕ್ಟರ್ ಲೆಕ್ಕಕ್ಕೆ ಸಿಗುವುದಿಲ್ಲ. ಆ ಜಾತ್ರೆ ನೋಡಲಿಕ್ಕೇ ಹೋಗುವುದಾದರೆ ಬೇರೆ ಮಾತು. ಬೇರೆ ದಿನ ಆದರೆ ನವಿಲುತೀರ್ಥಕ್ಕೆ ಹೋಗಿ ಮಲಪ್ರಭೆಯ ಅಣೆಕಟ್ಟು ನೋಡಿ ಬನ್ನಿ. ಗುಡ್ಡ ಹತ್ತುವುದು ಬಿಡುವುದು ಕಾಲಿಗೆ ಬಿಟ್ಟಿದ್ದು.

ಮಳೆಗಾಲದಲ್ಲೇ ಹೊರಡುವವರಿಗೆ ಮೂರರಲ್ಲಿ ಇದೊಂದೇ ಸರಿ. ಕಬ್ಬಿನ ಗಾಡಿ ಇಲ್ಲ, ಗಾಳಿ ಬೆನ್ನಿಗೆ, ಬೆಳಗಾವಿ ದಾಟಿದ ಮೇಲೆ ಮಳೆಯೂ ಕಡಿಮೆ ಆಗುತ್ತಾ ಹೋಗುತ್ತದೆ. ಗೋಕಾಕ ಫಾಲ್ಸ್ ಬೇಕೇ ಬೇಕು ಅನ್ನುವವರು ಆಗ ಬರಬೇಕು. ಘಟಪ್ರಭೆ ತುಂಬಿ 52 ಮೀಟರ್ ಕೆಳಗೆ ಬೀಳುವುದು ಆಗಲೇ. ಆದರೆ ಅದು ಬೇರೆ ದಿಕ್ಕು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬಂದು ಒಣ ಬಂಡೆ ನೋಡಿ ಬೈಯಬೇಡಿ.

ಡೋಣಿ ಸಾಲು: ವಿಜಯಪುರ, ತಾಳಿಕೋಟೆ, ಮುದ್ದೇಬಿಹಾಳ ಸುತ್ತು

ಬಟಾಬಯಲು ಬೇಕು ಅನ್ನುವವರಿಗೆ ಇದು, ಡೋಣಿ ಹೊಳೆಯ ಸೀಮೆ. ವಿಜಯಪುರದಿಂದ ಹೂವಿನ ಹಿಪ್ಪರಗಿ ಮೇಲೆ ತಾಳಿಕೋಟೆ, ಅಲ್ಲಿಂದ ಮುದ್ದೇಬಿಹಾಳ, ನಿಡಗುಂದಿ, ಮತ್ತೆ ವಿಜಯಪುರ. 200 ಕಿಲೋಮೀಟರ್ ದಾಟುತ್ತದೆ. ಹೊರಟಲ್ಲಿಗೇ ಬರುವುದರಿಂದ ಕಾರು ಅಲ್ಲೇ ಬಿಟ್ಟು ಹೋಗಬಹುದು. ಅದೊಂದು ದೊಡ್ಡ ಅನುಕೂಲ.

ನೋಡಲು ಏನಿದೆ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಜೋಳ ಇದೆ, ತೊಗರಿ ಇದೆ, ಕಡಲೆ ಇದೆ, ಆಕಾಶ ಇದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನುವ ಗಾದೆ ಹುಟ್ಟಿದ ನೆಲ. 1565ರ ಯುದ್ಧಕ್ಕೆ ತಾಳಿಕೋಟೆಯ ಹೆಸರಿದೆ, ರಕ್ಕಸಗಿ–ತಂಗಡಗಿ ಯುದ್ಧ ಅಂತಲೂ ಕರೆಯುತ್ತಾರೆ. ಆ ಎರಡೂ ಮುದ್ದೇಬಿಹಾಳ ತಾಲ್ಲೂಕಿನ ಊರುಗಳು. ಸ್ಮಾರಕ ಹುಡುಕಿಕೊಂಡು ಹೋಗುವವರಿಗೆ ನಿರಾಸೆ ಆಗಬಹುದು.

ಆದರೆ ಜನವರಿಯಲ್ಲಿ ಹೋದರೆ ಸೀತನಿ ಸಿಗುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಡುತ್ತಾರೆ. ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ನಿಮ್ಮ ಬೊಗಸೆಗೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ಎಳ್ಳ ಅಮವಾಸ್ಯೆಯ ದಿನವಂತೂ ಸೈಕಲ್ ಮುಂದೆ ಹೋಗುವುದೇ ಇಲ್ಲ. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ಊರಿಗೆ ಊರೇ ಹೊಲದಲ್ಲಿರುತ್ತದೆ. "ಬರ್ರಿ, ಉಂಡು ಹೋಗ್ರಿ" ಅಂತ ಒಂದು ಹೊಲದವರು ಕರೆದರೆ ಮುಂದಿನ ಹೊಲದವರು ಬಿಡುತ್ತಾರಾ? ಆ ದಿನ ಎಷ್ಟು ಕಿಲೋಮೀಟರ್ ಅಂತ ಮೊದಲೇ ಬರೆದಿಟ್ಟುಕೊಂಡವರು ಅದನ್ನು ಅರ್ಧ ಮಾಡಿ.

ಈ ದಾರಿಯ ಕಷ್ಟಗಳೂ ಅಷ್ಟೇ ಗಟ್ಟಿ. ನೆರಳು ಅಂದರೆ ಅಲ್ಲೊಂದು ಇಲ್ಲೊಂದು ಬೇವಿನ ಮರ. ಡೋಣಿ ಹರಿಯುತ್ತಿದ್ದರೂ ನೀರು ಸವಳು, ಕುಡಿಯಲು ಬರುವುದಿಲ್ಲ. ಊರಿನಲ್ಲಿ ಶುದ್ಧ ನೀರಿನ ಘಟಕ ಕಂಡಲ್ಲೆಲ್ಲ ಬಾಟಲಿ ತುಂಬಿಕೊಳ್ಳಿ, ಒಬ್ಬರಿಗೆ ಮೂರು ಲೀಟರ್ ಇರಲೇಬೇಕು. ಫೆಬ್ರವರಿ ಮೇಲೆ ರಾಶಿಯ ಕಾಲ. ಕೆಲವು ಊರುಗಳ ಹತ್ತಿರ ರಸ್ತೆಯ ಮೇಲೇ ಬೆಳೆ ಹರವಿರುತ್ತಾರೆ. ಅದರ ಮೇಲೆ ಸಪೂರ ಟೈರಿನ ಸೈಕಲ್ ಜಾರುತ್ತದೆ, ಇಳಿದು ತಳ್ಳಿಕೊಂಡು ಹೋಗಿ. ಗುಂಪಿನಲ್ಲಿ ಒಬ್ಬರಿಗಾದರೂ ಇದು ಮೊದಲ ದೂರದ ಪ್ರವಾಸ ಆಗಿದ್ದರೆ ಈ ದಾರಿ ಬೇಡ. ಅವರು ಹಿಂದೆ ಬಿದ್ದ ಜಾಗದಲ್ಲಿ ಬಸ್ಸೂ ಸಿಗದೇ ಇರಬಹುದು. ಆಲಮಟ್ಟಿ ದಾರಿಯಲ್ಲಿ ಆ ಭಯ ಇಲ್ಲ. ಆಲಮಟ್ಟಿ, ಬಾಗಲಕೋಟೆ, ಬಾದಾಮಿ ಮೂರರಲ್ಲೂ ರೈಲು ನಿಲ್ದಾಣ ಇದೆ, ಸುಸ್ತಾದವರನ್ನು ಮುಂದಕ್ಕೆ ಕಳಿಸಬಹುದು.

ಹಿಂದೆ ಗಾಡಿ ಬೇಕಾ?

ಎಂಟಕ್ಕಿಂತ ಜಾಸ್ತಿ ಜನ ಇದ್ದರೆ ಬೇಕು ಅಂತಲೇ ನನ್ನ ಮಾತು. ಟಾಟಾ ಏಸ್ ಆದರೂ ಸಾಕು. ಸಾಮಾನು ಅದರಲ್ಲಿ, ನೀರಿನ ಕ್ಯಾನ್ ಅದರಲ್ಲಿ, ಕಾಲು ಹಿಡಿದುಕೊಂಡವರು ಅದರಲ್ಲಿ. ಖರ್ಚು ಹಂಚಿದರೆ ದೊಡ್ಡದೇನಲ್ಲ. ಆದರೆ ಗಾಡಿ ಕಣ್ಣೆದುರು ಇದ್ದರೆ ಹತ್ತಿ ಕೂರುವ ಆಸೆಯೂ ಬೇಗ ಬರುತ್ತದೆ. ಅದಕ್ಕೆ ಗಾಡಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಡಿ, ಹದಿನೈದು ಕಿಲೋಮೀಟರ್ ಮುಂದೆ ಕಳಿಸಿ, ನೆರಳು ನೋಡಿ ನಿಲ್ಲಲು ಹೇಳಿ. ಡೋಣಿ ಸಾಲಿನಲ್ಲಿ ಮಾತ್ರ ಹಿಂದೆಯೇ ಇರಲಿ.

ನಾಲ್ಕೈದು ಜನ ಪಳಗಿದವರು ಹೊರಟರೆ ಗಾಡಿ ಬೇಡ. ಸೈಕಲ್ ಕ್ಯಾರಿಯರ್ ಮೇಲೆ ಎರಡು ಜೊತೆ ಬಟ್ಟೆ, ಖಟಕ್ ರೊಟ್ಟಿ, ಚಟ್ನಿಪುಡಿ ಇದ್ದರೆ ಮೂರು ದಿನ ಸಾಗುತ್ತದೆ.

ಯಾವ ಸೈಕಲ್

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂರೂ ದಾರಿಗೆ ಹೈಬ್ರಿಡ್ ಸರಿ, ಟೈರ್ 35 ಮಿಲಿಮೀಟರ್ ಆಸುಪಾಸು ಇರಲಿ. 25 ಮಿಲಿಮೀಟರ್ ಟೈರಿನ ರೋಡ್ ಬೈಕ್ (ರೇಸಿಂಗ್ ಸೈಕಲ್) ಆಲಮಟ್ಟಿವರೆಗೆ ಹಾರುತ್ತದೆ, ಐಹೊಳೆ ರಸ್ತೆಯಲ್ಲಿ ಕೈ ನೋಯಿಸುತ್ತದೆ. ದಪ್ಪ ಟೈರಿನ ಎಂಟಿಬಿ (ಮೌಂಟೇನ್ ಬೈಕ್) ಎಲ್ಲ ಕಡೆ ಹೋಗುತ್ತದೆ, ಆದರೆ ಎದುರು ಗಾಳಿಯಲ್ಲಿ ಅದನ್ನು ತುಳಿಯುವವರೇ ನಿಮ್ಮ ಗುಂಪಿನ ಕೊನೆಯವರಾಗುತ್ತಾರೆ. ಹಳೇ ಕರಿ ಸೈಕಲ್ ಮೇಲೆ ಬರುವ ಹಿರಿಯರಿದ್ದರೆ ಬೇಡ ಅನ್ನಬೇಡಿ, ಅವರು ಮುಟ್ಟುತ್ತಾರೆ.

ಪಂಕ್ಚರ್ ಖಾತ್ರಿ. ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಎರಡೂ ರಸ್ತೆ ಅಂಚಿನಲ್ಲೇ ಇರುತ್ತವೆ. ಊಟಕ್ಕೆ ನಿಂತಾಗ ಸೈಕಲ್ಲನ್ನು ಗಿಡದ ಬುಡಕ್ಕೆ ಒರಗಿಸುವ ಬದಲು ಡಾಂಬರಿನ ಅಂಚಿನಲ್ಲೇ ನಿಲ್ಲಿಸಿ. ಸಣ್ಣ ಊರಿನ ಸೈಕಲ್ ಅಂಗಡಿಯಲ್ಲಿ ಸಾದಾ ಸೈಕಲ್ಲಿನ ಟ್ಯೂಬ್ ಸಿಗುತ್ತದೆ, ಹೈಬ್ರಿಡ್, ರೋಡ್ ಬೈಕಿನ 700ರ ಅಳತೆಯ ಟ್ಯೂಬ್ ಸಿಗುವುದು ಅನುಮಾನ. ಟ್ಯೂಬಿಗೆ ಪ್ರೆಸ್ಟಾ ಅನ್ನುವ ಸಪೂರ ವಾಲ್ವ್ ಇರುವವರು ಹಿತ್ತಾಳೆಯ ಅಡಾಪ್ಟರ್ ಇಟ್ಟುಕೊಳ್ಳಿ, ಆಗ ಬೈಕು, ಕಾರಿಗೆ ಗಾಳಿ ತುಂಬುವ ಪಂಪಿನಿಂದಲೂ ತುಂಬಿಸಬಹುದು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಗೇರ್ ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಥರ, ಅದನ್ನು ಮನೆಯಿಂದಲೇ ತರಬೇಕು.

ವಾಪಸ್ ಬರುವುದು

ಆಲಮಟ್ಟಿ, ಸವದತ್ತಿ ದಾರಿಗಳು ಬಾದಾಮಿಯಲ್ಲಿ ಮುಗಿಯುತ್ತವೆ. ಬಾದಾಮಿಯಿಂದ ವಿಜಯಪುರಕ್ಕೆ ನೇರ ರೈಲು ಇದೆ. ಹುಬ್ಬಳ್ಳಿ, ಬೆಂಗಳೂರು ಕಡೆಯವರಿಗೆ ಗೋಲ ಗುಂಬಜ್ ಎಕ್ಸ್‌ಪ್ರೆಸ್ ಇದೇ ಮಾರ್ಗದಲ್ಲಿ ಹೋಗುತ್ತದೆ. ಬೆಳಗಾವಿಯಿಂದ ಬಂದವರಿಗೆ ಇಲ್ಲಿಂದ ನೇರ ರೈಲು ಹಳಿ ಇಲ್ಲ, ಸುತ್ತು ಹಾಕಬೇಕು. ಅವರು ಬಸ್ ಅಥವಾ ಬಾಡಿಗೆ ಗಾಡಿ ನೋಡಿಕೊಳ್ಳುವುದು ಒಳ್ಳೆಯದು. ಎರಡೂ ದಾರಿ ಸಮಸಮ ಅನ್ನಿಸಿದಾಗ ನಾನು ಆಲಮಟ್ಟಿ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಸೈಕಲ್ಲನ್ನು ರೈಲಿನ ಲಗೇಜ್ ಬೋಗಿಯಲ್ಲಿ ಬುಕ್ ಮಾಡಬಹುದು. ಪ್ರಯಾಣದ ಟಿಕೆಟ್ ತೋರಿಸಿ, ಪಾರ್ಸೆಲ್ ಕಚೇರಿಯಲ್ಲಿ ಚೀಟಿ ಮಾಡಿಸಬೇಕು. ಹೆಸರು, ಹೊರಟ ಊರು, ಇಳಿಯುವ ಊರು ಬರೆದ ರಟ್ಟನ್ನು ಸೈಕಲ್ಲಿಗೆ ಗಟ್ಟಿಯಾಗಿ ಕಟ್ಟಿ. ದೀಪ, ಬಾಟಲಿ, ಪಂಪ್ ಬಿಚ್ಚಿ ಕೈಯಲ್ಲಿ ಇಟ್ಟುಕೊಳ್ಳಿ. ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಹತ್ತು ಸೈಕಲ್ ಒಂದೇ ರೈಲಿಗೆ ಹತ್ತಿಸುತ್ತೇವೆ ಅಂತ ಕೊನೆ ಗಳಿಗೆಯಲ್ಲಿ ಹೋದರೆ ಒಪ್ಪುವುದಿಲ್ಲ. ಹಿಂದಿನ ದಿನವೇ ನಿಲ್ದಾಣಕ್ಕೆ ಫೋನ್ ಮಾಡಿ ಕೇಳಿ. ಆಗುವುದಿಲ್ಲ ಅಂದರೆ ಜನ ರೈಲಿನಲ್ಲಿ, ಸೈಕಲ್ ಪಿಕಪ್ ಗಾಡಿಯಲ್ಲಿ. ಎರಡೆರಡು ಸೈಕಲ್ ನಡುವೆ ಹಳೇ ಕಂಬಳಿ ಹಾಕಿ, ಗೇರ್ ಇರುವ ಬದಿ ಒಳಗೆ ಬರದ ಹಾಗೆ ಜೋಡಿಸಿ, ಹಗ್ಗ ಬಿಗಿದ ಮೇಲೆ ಒಮ್ಮೆ ಅಲುಗಿಸಿ ನೋಡಿ.